ಕೊನೆಯ ಸೀಟಿನವರೆಗೂ

ಹರಾಜಿನಲ್ಲಿ ಮಾರ್ಲಿಸ್‌ಗೆ ಎದುರಾಳಿಯೇ ಇರಲಿಲ್ಲ.
ಕೋಳಿಗೂಡು ಮಾಡುತ್ತೇನೆಂದು ಬಂದಿದ್ದವನೊಬ್ಬ
ಟೈರು ಒದ್ದು ನೋಡಿ, ತುಕ್ಕಿಗೆ ಮೂಗು ಮುರಿದು ಹೊರಟುಹೋದ.
ಬಾಡಿಗೆ ಮನೆಯನ್ನು ಒಡೆಯ ಮಾರಿದ ತಿಂಗಳು ಅದು.
ಎರಡು ಸಾವಿರದ ನೂರು ಡಾಲರು ಎಣಿಸಿಕೊಟ್ಟು
ಇಪ್ಪತ್ತೆರಡು ವರ್ಷ ತಾನೇ ಓಡಿಸಿದ ಬಸ್ಸಿನ ಕೀಲಿಯನ್ನು
ಸಂಜೆ ವಾಪಸು ಕೊಡಬೇಕಿಲ್ಲದ ಹಾಗೆ
ಜೇಬಿಗಿಳಿಸಿದಳು.

ನೆಬ್ರಾಸ್ಕದ ಈ ಬಯಲಿನಲ್ಲಿ ಗಾಳಿಗೆ ಬೇರೆ ಕೆಲಸವಿಲ್ಲ.
ಜೋಳದ ಕಣಜದ ಮರೆಗೆ ಬಸ್ಸು ನಿಲ್ಲಿಸಿ
ನನಗೆ ಫೋನು:
"ಗ್ರೈಂಡರ್ ತಗೊಂಡು ಬಾ. ಬೋಲ್ಟುಗಳು ಮಾತು ಕೇಳ್ತಿಲ್ಲ."

ಕೇಳುವುದಾದರೂ ಹೇಗೆ?
ಅಷ್ಟು ಚಳಿಗಾಲಗಳ ಹಿಮ, ರಸ್ತೆಗೆ ಎರಚಿದ ಉಪ್ಪು
ಪುಟ್ಟ ಬೂಟುಗಳಿಂದ ಕರಗಿ ಕರಗಿ ಇಳಿದು
ಬೋಲ್ಟಿಗೂ ನೆಲಕ್ಕೂ ಬ್ರಹ್ಮಗಂಟು ಹಾಕಿವೆ.
ಸೀಟಿಗೆ ನಾಲ್ಕು. ಇಪ್ಪತ್ತನಾಲ್ಕು ಸೀಟು, ಒಂದನ್ನು ಬಿಟ್ಟು.
ಬಸ್ಸಿನಡಿ ಮಣ್ಣಲ್ಲಿ ನಾನು, ಮೇಲೆ ಸ್ಪ್ಯಾನರಿಗೆ ಜೋತುಬಿದ್ದು ಆಕೆ,
ನಡುವಿನ ತಗಡಿನ ತೂತಿನಿಂದ ಬೈಗುಳ ಹಂಚಿಕೊಳ್ಳುತ್ತ
ಮೂರು ದಿನ.

ಸಂದಿಗಳಲ್ಲಿ ಸಿಕ್ಕಿದ್ದು
ಕಾಫಿ ಡಬ್ಬಿ ತುಂಬುವಷ್ಟು ಪೆನ್ಸಿಲ್ ತುಂಡು,
ಹೆಬ್ಬೆರಳು ಹರಿದ ಕೈಗವಸು,
ಯಾರೋ ಯಾರಿಗೋ ಕೊಡದೆ ಉಳಿಸಿಕೊಂಡ ಚೀಟಿ,
ಒಂದು ಹಾಲುಹಲ್ಲು.
ಬೆಳಕಿಗೆ ಹಿಡಿದು, "ರೂಬಿ ವಾನೆಕ್‌ದು" ಅಂದಳು,
ಅನುಮಾನವೇ ಇಲ್ಲದೆ.
"ಆವತ್ತು ಹೊಲದ ಹಸುಗಳೂ ತಿರುಗಿ ನೋಡೋ ಹಾಗೆ ಅತ್ತಿದ್ದಳು.
ಈಗ ಒಮಾಹಾದಲ್ಲಿ ಲಾರಿ ಓಡಿಸ್ತಾಳೆ."

ಆಮೇಲೆ ಬಣ್ಣ.
ಹಳದಿ ಉಳಿಸಿಕೊಳ್ಳುವಂತಿಲ್ಲ, ಕಾನೂನು.
ಮಕ್ಕಳಿಲ್ಲದ ಬಸ್ಸು ಹಳದಿಯಾಗಿದ್ದರೆ
ರಸ್ತೆಗೆ ಸುಳ್ಳು ಹೇಳಿದಂತೆ.
ಅಗ್ಗಕ್ಕೆ ಸಿಕ್ಕಿದ್ದು ಟ್ರ್ಯಾಕ್ಟರಿನ ಹಸಿರು.
ಒಂದು ಪಕ್ಕ ಮುಗಿಸಿ, ದೂರ ಹೋಗಿ ನಿಂತು ನೋಡಿ
"ಥೂ, ಮಿಡತೆ" ಅಂದಳು.
ಇನ್ನೊಂದು ಪಕ್ಕಕ್ಕೂ ಅದನ್ನೇ ಬಳಿದಳು.

ಚಕ್ರದ ಗೂನು ಎದ್ದಲ್ಲಿ ಒಲೆ.
ಉಳಿಸಿಕೊಂಡ ಒಂದೇ ಸೀಟು, ಹತ್ತೊಂಬತ್ತನೆಯದು,
ಅದರೆದುರು ಮಡಚುವ ಮೇಜು.
ಹಿಂದೆ, ತುರ್ತು ಬಾಗಿಲಿಗೆ ತಾಗಿ ಹಾಸಿಗೆ:
"ಬೆಂಕಿ ಬಿದ್ದರೆ ಮೊದಲು ಹೊರಬೀಳೋಳು ನಾನೇ."
ಸ್ಟಿಯರಿಂಗಿನ ಮೇಲಿನ ಅಗಲ ಕನ್ನಡಿಯಲ್ಲಿ
ಈಗ ಇಡೀ ಮನೆ ಒಂದೇ ನೋಟಕ್ಕೆ:
ಬಾಣಲೆ, ಕಂಬಳಿ, ಒಣಹಾಕಿದ ಕಾಲುಚೀಲ.
ಯಾರೂ ಎದ್ದು ನಿಂತಿಲ್ಲ.
ಯಾರೂ ಯಾರ ಟೋಪಿಯನ್ನೂ ಎಸೆಯುತ್ತಿಲ್ಲ.

ಕೊನೆಗೆ ವೈರಿಂಗು.
ಮಿನುಗುವ ಕೆಂಪು ದೀಪಗಳ ತಂತಿ ಕಿತ್ತೆ.
ಪಕ್ಕಕ್ಕೆ ಕೈಚಾಚುವ ನಿಲ್ಲು-ಫಲಕದ ತಂತಿ ಕಿತ್ತೆ.
ಮೂರನೆಯದಕ್ಕೆ ಕತ್ತರಿ ಇಟ್ಟಾಗ
"ಅದು ಬೇಡ" ಅಂದಳು.

ಯಾವುದೆಂದು ಗೊತ್ತಿತ್ತು ನನಗೆ.
ಇಂಜಿನ್ ಆರಿಸಿದೊಡನೆ ಕಿರುಚುವ ಅಲಾರಂ.
ನಿಲ್ಲಿಸುವ ಗುಂಡಿ ಇರುವುದು ಕಟ್ಟಕಡೆಗೆ,
ಓಡಿಸಿದವರು ಎದ್ದು, ಸೀಟು ಸೀಟಿಗೂ ಬಗ್ಗಿ ನೋಡುತ್ತ
ಅಲ್ಲಿಯವರೆಗೂ ನಡೆಯಲೆಂದು.
ಅದನ್ನು ಹಾಕಿಸಿದ್ದು ಒಂದು ಜನವರಿಯ ನಂತರ.
ಆರು ವರ್ಷದ ಹುಡುಗನೊಬ್ಬ ಹತ್ತೊಂಬತ್ತರ ಕೆಳಗೆ ನಿದ್ದೆಹೋಗಿ
ಶೆಡ್ಡಿನ ಕತ್ತಲಲ್ಲಿ ಎಚ್ಚರಾದ ಮೇಲೆ.
ಎರಡು ಗಂಟೆ ಹೊತ್ತು.
ಎಡಗೈ ಕಿರುಬೆರಳಿನ ತುದಿ ಹೋಯಿತು, ಅಷ್ಟೆ.
ಅದಿಲ್ಲದೆಯೂ ಬೆಸುಗೆ ಚೆನ್ನಾಗಿಯೇ ಬರುತ್ತದೆ ನನಗೆ.

ಈ ಮಾತು ನಾವು ಯಾವತ್ತೂ ಆಡಿದವರಲ್ಲ.
ಆವತ್ತೂ ಆಡಲಿಲ್ಲ.
ಕತ್ತರಿಯನ್ನು ಪೆಟ್ಟಿಗೆಗೆ ಹಾಕಿದೆ.

ಕತ್ತಲಾಗುವ ಹೊತ್ತಿಗೆ ಬ್ಯಾಟರಿ ತುಂಬಿತೆಂದು
ಇಂಜಿನ್ ಆರಿಸಿದಳು. ಕಿರುಚಿತು.
ಮೆಟ್ಟಿಲಲ್ಲಿ ಕೂತು ಬೂಟಿನ ದಾರ ಕಟ್ಟುತ್ತ ಕೇಳಿಸಿಕೊಂಡೆ:
ಒಲೆ ದಾಟಿದ್ದು, ಮೇಜಿನ ಹತ್ತಿರ ನಿಂತದ್ದು,
ಆ ಒಂದು ಸೀಟಿನ ಕೆಳಗೆ ನೋಡಲು ಮಂಡಿ ಚಟಕ್ಕೆಂದದ್ದು,
ಮತ್ತೆ ಎದ್ದು ಹಿಂದಕ್ಕೆ ನಡೆದದ್ದು.
ಅಲಾರಂ ನಿಂತಿತು. ಗಾಳಿಯ ಸದ್ದು ಮರಳಿ ಬಂತು.

ಹಾಸಿಗೆಯ ಕಡೆಯ ಕತ್ತಲಿನಿಂದ ಕೂಗಿದಳು:
"ಇನ್ನೂ ಇಳಿದಿಲ್ವೇನೋ ನೀನು?"